ಮೆಷಿನಿಗೆ ಏಕಾದಶಿ

ಕಲ್ಕತ್ತೆಯ ಜಾದವ್‌ಪುರ ಸ್ಟೇಷನ್ನಿನ ಪಕ್ಕದ ಗಲ್ಲಿಯಲ್ಲಿ ತ್ರಿವಿಕ್ರಮ ಉಪಾಧ್ಯರ ಇಡ್ಲಿ ಅಂಗಡಿ ಇತ್ತು. ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆಯ ಮನೆ, ಆ ಮನೆಯ ಮೂಲೆಯಲ್ಲಿ ನಾಲ್ಕಾಳು ಸೇರದೆ ಅಲುಗದ ಒಂದು ರುಬ್ಬುವ ಕಲ್ಲು. ಅಂಗಡಿಯ ಯಜಮಾನಿಕೆ ಉಪಾಧ್ಯರದು, ಮನೆಯ ಯಜಮಾನಿಕೆ ಅವರ ತಾಯಿ ಸುಂದರಿಯಮ್ಮನದು. ಕಲ್ಲಿನ ಯಜಮಾನಿಕೆ ಹದಿನೆಂಟು ವರ್ಷದಿಂದ ಹೆಂಡತಿ ರತ್ನಾವತಿಯದು. ಅದನ್ನು ಅವಳಿಂದ ಕಸಿಯಲು ಯಾರೂ ಬಂದಿರಲಿಲ್ಲ.

ದಿನಕ್ಕೆ ಐದು ಸೇರು ಅಕ್ಕಿ, ಎರಡು ಸೇರು ಉದ್ದು. ಮಧ್ಯಾಹ್ನದ ಪಾತ್ರೆ ತೊಳೆದು ಕೂತರೆ ಏಳುವಾಗ ಬೀದಿಯ ದೀಪ ಹತ್ತಿರುತ್ತಿತ್ತು, ಲೋಡ್‌ಶೆಡಿಂಗ್ ಇಲ್ಲದ ದಿನ. ಅವಳ ಬಲರಟ್ಟೆ ಈಗೀಗ ತಲೆ ಬಾಚಲಿಕ್ಕೂ ಮೇಲೇಳುತ್ತಿರಲಿಲ್ಲ. ಮಗಳು ಪದ್ಮಿನಿ ಬಾಚಿಕೊಡಬೇಕು; ಪದ್ಮಿನಿಗೆ ಕಾಲೇಜಿಗೆ ತಡವಾದರೆ ಆ ದಿನ ಬರೀ ಗಂಟು.

“ಕಲ್ಲನ್ನು ಕೆಳಗೆ ಅಂಗಡಿಗೆ ಇಳಿಸಿ. ಅಣ್ಣಪ್ಪ ರುಬ್ಬಲಿ” ಎಂದು ಅವಳು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದಳು. ಅಣ್ಣಪ್ಪ ಅಂಗಡಿಯ ಅಡುಗೆಯಾಳು, ಕುಂದಾಪುರದ ಕಡೆಯವನು, ತೋಳು ಎಂದರೆ ಒನಕೆ.

“ಕೆಳಗೆ ಜಾಗ ಎಲ್ಲುಂಟು ಮಾರಾಯ್ತಿ?” ಎಂದು ಉಪಾಧ್ಯರು ಅಷ್ಟೇ ಸಲ ಹೇಳುತ್ತಿದ್ದರು.

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ದುರ್ಗಾಪೂಜೆ ಮುಗಿದ ವಾರ ಲಾಹಿರಿ ಬಾಬು ಮಹಡಿ ಹತ್ತಿ ಬರುವವರೆಗೂ ಹಾಗೇ ಮುಗಿಯುತ್ತಿತ್ತು.

ಲಾಹಿರಿ ಬಾಬು ‘ಆಗಾಮಿ’ ಎಂಬ ಗೃಹೋಪಕರಣ ಕಂಪೆನಿಯ ಆಫೀಸರು. ಅಂಗಡಿಯ ಗಿರಾಕಿ. ಅವರು ಹೇಳಿದ್ದನ್ನು ಕೇಳಿ ಸುಂದರಿಯಮ್ಮ ಜಪ ನಿಲ್ಲಿಸಿದಳು. ಕಂಪೆನಿ ಸಾಲ್ಟ್ ಲೇಕಿನಲ್ಲಿ ಒಂದು ಮನೆ ಕಟ್ಟಿಸಿದೆ. ಅದು ಎರಡು ಸಾವಿರದ ಇಸವಿಯ ಮನೆ. ಅದರಲ್ಲಿ ಎಲ್ಲ ಕೆಲಸ ಮೆಷಿನಿನದೇ. ಪ್ರತಿ ಶನಿವಾರ, ಭಾನುವಾರ ಜನ ಟಿಕೆಟ್ ಕೊಂಡು ನೋಡಲು ಬರುತ್ತಾರೆ. ಆದರೆ ಖಾಲಿ ಮನೆ ನೋಡಿ ಯಾರಿಗೆ ಆಸೆ ಹುಟ್ಟುತ್ತದೆ? ಒಂದು ಸಂಸಾರ ಅದರೊಳಗೆ ಬಾಳಬೇಕು. ಆರು ವಾರ.

“ನಾವೇ ಯಾಕೆ? ಊರು ತುಂಬ ಬಂಗಾಲಿಗಳಿದ್ದಾರೆ” ಎಂದರು ಉಪಾಧ್ಯರು.

“ಬಂಗಾಲಿ ಹೆಂಗಸು ಮೀನು ಹುರಿದರೆ ಮುಗಿಯಿತು. ನಿಮ್ಮ ಹೆಂಗಸರು ನೆನೆಸುತ್ತೀರಿ, ರುಬ್ಬುತ್ತೀರಿ, ಬೇಯಿಸುತ್ತೀರಿ. ಅಷ್ಟು ಕಷ್ಟ ಇದ್ದಲ್ಲಿ ಮೆಷಿನ್ ಚೆನ್ನಾಗಿ ಕಾಣುತ್ತದೆ.” ಲಾಹಿರಿ ಬಾಬು ಕಲ್ಲಿನ ಮುಂದೆ ಕೂತಿದ್ದ ರತ್ನಾವತಿಯನ್ನು ನೋಡಿದರು. “ಆರು ವಾರ ಮುಗಿದ ಮೇಲೆ ಮನೆಯೊಳಗಿನ ಯಾವುದಾದರೂ ಒಂದು ವಸ್ತು ನಿಮಗೆ ಉಡುಗೊರೆ. ಅಲ್ಲಿ ಹಿಟ್ಟು ರುಬ್ಬುವ ಕರೆಂಟಿನ ಮೆಷಿನ್ ಕೂಡ ಇದೆ, ದೇವಿ. ಕೊಯಮತ್ತೂರಿನದು.”

ರತ್ನಾವತಿಯ ಕೈಯಲ್ಲಿ ಗುಂಡುಕಲ್ಲು ನಿಂತಿತು.

ಆ ರಾತ್ರಿ ಊಟಕ್ಕೆ ಹುರುಳಿ ಸಾರು. ಎಲೆಯ ಮುಂದೆಯೇ ಜಗಳ ಶುರುವಾಯಿತು.

“ನಾವು ಎಂತ ಸರ್ಕಸ್ಸಿನವರಾ, ಟಿಕೆಟ್ ಕೊಟ್ಟು ನೋಡ್ಲಿಕ್ಕೆ?” ಎಂದರು ಉಪಾಧ್ಯರು. “ನಾನು ಅಂಗಡಿ ಬಿಟ್ಟು ಬರುದಿಲ್ಲ. ಆರು ವಾರ ಅಂಗಡಿಯ ಹಿಟ್ಟು ಯಾರು ರುಬ್ಬುದು?”

“ನೀವು ಮತ್ತೆ ಅಣ್ಣಪ್ಪ” ಎಂದಳು ರತ್ನಾವತಿ, ಸಾರು ಬಡಿಸುತ್ತ.

“ಪ್ಲೀಸ್ ಅಪ್ಪ! ಸಾಲ್ಟ್ ಲೇಕ್ ಕಿತನಾ ಮಾಡರ್ನ್ ಇದೆ ಗೊತ್ತುಂಟಾ?” ಪದ್ಮಿನಿಗೆ ಹದಿನೇಳು. ಅವಳ ಒಂದು ವಾಕ್ಯದಲ್ಲಿ ಮೂರು ಭಾಷೆ ಇರದಿದ್ದರೆ ಜ್ವರ ಬಂದಿದೆ ಎಂದು ಅರ್ಥ.

ಕೊನೆಯ ಮಾತು ಸುಂದರಿಯಮ್ಮನದು. “ಅಲ್ಲಿ ಸ್ನಾನಕ್ಕೆ ಬಿಸಿನೀರು ಉಂಟಾ?”

“ನಲ್ಲಿ ತಿರುಗಿಸಿದರೆ ಬರ್ತದಂತೆ ಅತ್ತೆ.”

“ನಾಲ್ಕು ಗಂಟೆ ಬೆಳಗಾತಕ್ಕೂ?”

“ಯಾವಾಗ ತಿರುಗಿಸಿದರೂ.”

“ಹಾಗಾದರೆ ಹೋಗುವ. ಎರಡು ಸಾವಿರದ ಇಸವಿಯಲ್ಲಿ ನಾನು ಇರುದಿಲ್ಲ. ಈಗಲೇ ಒಮ್ಮೆ ನೋಡಿಬಿಡ್ತೇನೆ.” ಮುದುಕಿ ಎದ್ದು ಕೈತೊಳೆದಳು. “ಆದರೆ ಆ ಬಾಬುವಿಗೆ ಹೇಳಿಡು ತ್ರಿವಿಕ್ರಮ. ಮಡಿಗೆ ಭಂಗ ಬರಬಾರದು. ಏಕಾದಶಿ ದಿನ ನಾನು ಅಕ್ಕಿಕಾಳು ಮುಟ್ಟುದಿಲ್ಲ.”

ಮರುದಿನ ಇದನ್ನು ಲಾಹಿರಿ ಬಾಬುವಿಗೆ ಹೇಳಿದರು. “ಹೌದು ಹೌದು ಮಾಶಿಮಾ, ನಿಮ್ಮಿಷ್ಟ” ಎಂದು ಬಾಬು ಮುದುಕಿಯನ್ನು ಬಂಗಾಲಿಗಳ ಹಾಗೆ ಚಿಕ್ಕಮ್ಮ ಮಾಡಿಕೊಂಡು ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಸಾಲ್ಟ್ ಲೇಕಿನಲ್ಲಿ ಆಗ ಮರಳು, ಕಾಶದ ಹುಲ್ಲು, ಗೂಟ ಬಡಿದ ನಿವೇಶನಗಳು. ರಾತ್ರಿಯಾದರೆ ನರಿ ಕೂಗುತ್ತಿತ್ತು. ಆ ಬಯಲಿನ ನಡುವೆ ಹಾಲಿನಂತೆ ಬೆಳ್ಳಗೆ ಎರಡು ಸಾವಿರದ ಇಸವಿ ನಿಂತಿತ್ತು. ಸಾಮಾನು ಇಳಿಸಿ ಒಳಗೆ ಹೋದ ಅರ್ಧ ಗಂಟೆಯೊಳಗೆ ರತ್ನಾವತಿಗೆ ಅದರ ಹೂರಣ ತಿಳಿಯಿತು. ಫ್ರಿಜ್ ಫ್ರಿಜ್ಜೇ. ಬಿಸಿನೀರಿನ ಗೀಸರ್ ಬಿಸಿನೀರಿನದೇ. ಗ್ರೈಂಡರ್ ನಿಜವಾದ ಗ್ರೈಂಡರ್. ಅವಳು ಒಂದು ಹಿಡಿ ಅಕ್ಕಿ ಹಾಕಿ ನೋಡಿದಳು, ಅದರ ಹೊಟ್ಟೆಯೊಳಗೆ ಗುರ್‍ರ್ ಎಂದು ಕಲ್ಲು ಸುತ್ತಿತು, ಅವಳು ಸೆರಗಿನಿಂದ ಅದರ ಬದಿ ಒರೆಸಿದಳು. ಟೆಲಿವಿಷನ್ ಮಾತ್ರ ಬರೀ ಪೆಟ್ಟಿಗೆ. ಊರಿಗೇ ಇನ್ನೂ ಟೆಲಿವಿಷನ್ ಬಂದಿರಲಿಲ್ಲ, ಗಾಜಿನ ಹಿಂದೆ ಕಾಂಚನಜಂಘಾ ಪರ್ವತದ ಚಿತ್ರ, ಅದರ ಹಿಂದೆ ಒಂದು ಬಲ್ಬು.

ಅಡುಗೆಮನೆಯ ನಡುವೆ ಆಳೆತ್ತರದ ಉಕ್ಕಿನ ಬೀರು. ಎದೆಯ ಮೇಲೆ ಕೆಂಪು, ಹಸಿರು ದೀಪ. ಕೆಳಗೊಂದು ಕಿಂಡಿ. ಇದೇ ಸ್ವಯಂಚಾಲಿತ ಇಡ್ಲಿ ಯಂತ್ರ.

“ಮೇಲಿನಿಂದ ಹಿಟ್ಟು ಸುರಿಯುವುದು, ಗುಂಡಿ ಒತ್ತುವುದು, ನಾಲ್ಕು ನಿಮಿಷದಲ್ಲಿ ಕಿಂಡಿಯಿಂದ ಇಡ್ಲಿ” ಎಂದರು ಲಾಹಿರಿ ಬಾಬು.

“ಈಗ ರುಬ್ಬಿದ ಹಿಟ್ಟಾ?” ಸುಂದರಿಯಮ್ಮ ಕೇಳಿದಳು. “ಹುಳಿ ಬರ್ಲಿಕ್ಕೆ ಒಂದು ರಾತ್ರಿ ಬೇಡವಾ?”

“ಎರಡು ಸಾವಿರದ ಇಸವಿಯಲ್ಲಿ ರಾತ್ರಿ ಇಲ್ಲ ಮಾಶಿಮಾ” ಎಂದು ಲಾಹಿರಿ ಬಾಬು ಬೀರುವಿನ ಬೆನ್ನಿನ ಬಾಗಿಲು ತೆರೆದರು.

ಒಳಗೆ ಒಂದು ಮಣೆ, ಒಂದು ಸೀಮೆಎಣ್ಣೆ ಸ್ಟವ್, ಇಡ್ಲಿ ಬೇಯಿಸುವ ಒಂದು ಅಟ್ಟ, ಹಿಂದಿನ ದಿನ ರುಬ್ಬಿದ ಹಿಟ್ಟಿಗೊಂದು ಪಾತ್ರೆ, ಗೋಡೆಯ ಕಡೆ ಗಾಳಿಗೆ ಕಿಟಕಿ. ನಿಜವಾದ ಯಂತ್ರ ಇನ್ನೂ ತಯಾರಾಗುತ್ತಿದೆ, ಬರಲು ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಒಳಗೆ ಯಾರಾದರೂ ಕೂತು ಗಂಟೆ ಬಡಿದಾಗ ತಟ್ಟೆ ದೂಡಬೇಕು.

ರತ್ನಾವತಿ ಅತ್ತೆಯ ಮುಖ ನೋಡಿದಳು. ಇನ್ನೇನು ಗಂಟುಮೂಟೆ ಕಟ್ಟು ಎನ್ನುತ್ತಾಳೆ ಎಂದುಕೊಂಡಳು. ಮುದುಕಿ ಒಳಗೆ ಬಗ್ಗಿ ನೋಡಿದಳು, ಮಣೆಯ ಮೇಲೆ ಕೂತು ನೋಡಿದಳು, ಚಿಲಕ ಹಾಕಿ ನೋಡಿದಳು.

“ಒಳಗೆ ಬೇರೆ ಯಾರೂ ಬರುದಿಲ್ಲ ಅಲ್ವಾ?”

“ಯಾರೂ ಇಲ್ಲ.”

“ಮುಟ್ಟುದೂ ಇಲ್ಲ?”

“ಹೇಗೆ ಮುಟ್ಟುತ್ತಾರೆ?”

“ಇಷ್ಟು ಮಡಿಯಾದ ಅಡುಗೆಮನೆ ನಾನು ಕಲ್ಕತ್ತೆಯಲ್ಲಿ ಕಂಡದ್ದಿಲ್ಲ” ಎಂದಳು ಸುಂದರಿಯಮ್ಮ. ಹೀಗೆ ಅವಳು ಮೆಷಿನ್ ಆದಳು.

ರತ್ನಾವತಿಯ ಕೆಲಸ ಇನ್ನೂ ಸುಲಭ. ಗುಂಡಿ ಒತ್ತಿ, ಸ್ಪಂಜಿನ ಕುರ್ಚಿಯಲ್ಲಿ ಕೂತು, ಪತ್ರಿಕೆ ಹಿಡಿದು, ಆಗಾಗ ಆಕಳಿಸಬೇಕು.

“ಆಕಳಿಸುದು ಯಾಕೆ?”

“ದೇವಿ, ನಾನು ಮೆಷಿನ್ ಮಾರುವುದಿಲ್ಲ. ಮೆಷಿನ್ ಯಾರಿಗೂ ಬೇಡ. ಪಕ್ಕದ ಮನೆಯವಳು ಸುಮ್ಮನೆ ಕೂತಿದ್ದಾಳಲ್ಲ ಎಂಬ ಹೊಟ್ಟೆಕಿಚ್ಚು ಇದೆಯಲ್ಲ, ಅದನ್ನು ಮಾರುತ್ತೇನೆ.”

ಮೊದಲ ಶನಿವಾರ ಎಸ್ಪ್ಲನೇಡಿನಿಂದ ಎರಡು ಬಸ್ಸು ತುಂಬ ಜನ ಬಂದರು. ರತ್ನಾವತಿ ಗುಂಡಿ ಒತ್ತಿದಳು. ಕೆಂಪು ದೀಪ, ಹಸಿರು ದೀಪ, ಗಂಟೆ. ಕಿಂಡಿಯಿಂದ ಹಬೆಯಾಡುವ ನಾಲ್ಕು ಇಡ್ಲಿ. ಜನ ಚಪ್ಪಾಳೆ ತಟ್ಟಿದರು. ಅವಳು ಕುರ್ಚಿಯಲ್ಲಿ ಕೂತಳು, ಪತ್ರಿಕೆ ಹಿಡಿದಳು. ಮಧ್ಯಾಹ್ನದ ನಾಲ್ಕು ಗಂಟೆಗೆ ಅವಳ ಬೆನ್ನಿಗೆ ಮೆತ್ತಗಿನದೊಂದು ತಾಗದೆ ಹದಿನೆಂಟು ವರ್ಷವಾಗಿತ್ತು. ಆಕಳಿಸುವ ತನಕವೂ ಹೋಗಲಿಲ್ಲ. ಅಲ್ಲೇ ನಿದ್ದೆ ಹೋದಳು.

ಎಚ್ಚರವಾದಾಗ ಐದೂವರೆ. ಸುತ್ತ ಮೂವತ್ತು ಹೆಂಗಸರು ಸದ್ದಿಲ್ಲದೆ ನಿಂತು ಅವಳನ್ನೇ ನೋಡುತ್ತಿದ್ದರು. ಒಬ್ಬಾಕೆ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು: “ನೋಡು, ಸಂಜೆ ಹೊತ್ತಿನಲ್ಲಿ ಮಲಗಿದ್ದಾಳೆ! ಬಾಯಿ ತೆರೆದುಕೊಂಡು!”

ರತ್ನಾವತಿ ನಾಚಿ ಎದ್ದಳು. ಲಾಹಿರಿ ಬಾಬು ಓಡಿಬಂದರು; ಬೈಯುತ್ತಾರೆ ಎಂದುಕೊಂಡಳು. “ಅದ್ಭುತ! ಯಂತ್ರಕ್ಕೆ ಇಪ್ಪತ್ತೇಳು ಬುಕಿಂಗು. ನಾಳೆಯೂ ಮಲಗಿ. ಗೊರಕೆ ಬರುತ್ತದೆಯೇ?”

ಬುಕಿಂಗು ಎಂದರೆ ಐವತ್ತೊಂದು ರೂಪಾಯಿ ಮುಂಗಡ ಕೊಟ್ಟು, ಇನ್ನೂ ಹುಟ್ಟದ ಮೆಷಿನಿಗೆ ಚೀಟಿ ಬರೆಸುವುದು.

ಎರಡನೆಯ ವಾರ ಇನ್ನೊಂದು ಆಯಿತು. ಭಾನುವಾರ ಸಂಜೆ, ಮನೆ ತುಂಬ ಜನ ಇರುವಾಗಲೇ ಕರೆಂಟು ಹೋಯಿತು. ಫ್ರಿಜ್ಜು ಗುಡುಗುಡು ಎಂದು ಸುಮ್ಮನಾಯಿತು, ಕಾಂಚನಜಂಘಾ ಕಪ್ಪಾಯಿತು, ಗ್ರೈಂಡರು ಅರ್ಧ ಸುತ್ತಿನಲ್ಲಿ ನಿಂತಿತು. “ಎರಡು ಸಾವಿರದ ಇಸವಿಯಲ್ಲೂ ಲೋಡ್‌ಶೆಡಿಂಗಾ ದಾದಾ?” ಎಂದು ಯಾರೋ ಕತ್ತಲಲ್ಲಿ ಕೂಗಿದರು, ಎಲ್ಲರೂ ನಕ್ಕರು. ಲಾಹಿರಿ ಬಾಬು ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಸುಂದರಿಯಮ್ಮನಿಗೆ ಒಳಗೆ ಇದೊಂದೂ ಗೊತ್ತಿಲ್ಲ. ಅವಳ ಸ್ಟವ್ ಉರಿಯುತ್ತಿತ್ತು, ಅಟ್ಟದ ಇಡ್ಲಿ ಬೆಂದಿತ್ತು, ಗಂಟೆ ಬಡಿಯಲು ತಡವಾಯಿತೆಂದು ಅವಳೇ ಕಿಂಡಿ ತೆರೆದು ತಟ್ಟೆ ದೂಡಿದಳು. ಕತ್ತಲಲ್ಲಿ ಇಡ್ಲಿಯ ವಾಸನೆ ಹಬ್ಬಿತು.

ಆಮೇಲೆ ಮನೆ ಕಿತ್ತುಹೋಗುವ ಹಾಗೆ ಚಪ್ಪಾಳೆ. ಕರೆಂಟಿಲ್ಲದೆ ನಡೆಯುವ ಮೆಷಿನ್! ಆ ಒಂದೇ ಸಂಜೆ ನೂರ ಹತ್ತು ಬುಕಿಂಗು. ಮೇಣದಬತ್ತಿಯ ಬೆಳಕಿನಲ್ಲಿ ಚೀಟಿ ಹರಿದು ಕೊಟ್ಟರು. ಮರುವಾರ ಪೇಪರಿನಲ್ಲಿ ಅರ್ಧ ಪುಟ ಜಾಹೀರಾತು: ಬಾಯಿ ತೆರೆದು ಮಲಗಿದ ರತ್ನಾವತಿ, ಕೆಳಗೆ ‘ಊರೆಲ್ಲ ಕತ್ತಲು, ಇವರಿಗೆ ಚಿಂತೆಯಿಲ್ಲ’.

“ಫೋಟೋದಲ್ಲಿ ಬಾಯಿ ಮುಚ್ಚಬಾರದಾ?” ಎಂದರು ಉಪಾಧ್ಯರು. ಅವರು ಭಾನುವಾರ ರಾತ್ರಿ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅಂಗಡಿಗೆ ಓಡುತ್ತಿದ್ದರು. “ಗಿರಾಕಿಗಳು ಕೇಳ್ತಾರೆ, ಉಪಾಧ್ಯರೇ, ನಿಮ್ಮ ಮನೆಯವರಿಗೆ ಮನೆಯಲ್ಲಿ ನಿದ್ದೆ ಇಲ್ವಾ ಅಂತ.”

“ಎಂತ ಹೇಳಿದ್ರಿ?”

ಉಪಾಧ್ಯರು ಅನ್ನ ಕಲಸಿದರು.

ಉಡುಗೊರೆಯ ಜಗಳ ಮೂರನೆಯ ವಾರ ಎದ್ದಿತು. ಗ್ರೈಂಡರ್ ತನ್ನದೇ ಎಂದು ರತ್ನಾವತಿ ಒಳಗೊಳಗೆ ನಂಬಿದ್ದಳು. ಆ ರಾತ್ರಿ ಬದನೆಕಾಯಿ ಬಜ್ಜಿ ಬಡಿಸುವಾಗ ಉಪಾಧ್ಯರು, “ಫ್ರಿಜ್ಜು ಕೇಳುವ ಅಂತ ಮಾಡಿದ್ದೇನೆ” ಎಂದರು. “ಫ್ರಿಜ್ಜಿಲ್ಲದ ಅಂಗಡಿ ಇನ್ನು ಐದು ವರ್ಷಕ್ಕೆ ಬಾಗಿಲು ಹಾಕ್ತದಂತೆ. ಲಾಹಿರಿ ಬಾಬು ನನಗೊಬ್ಬನಿಗೇ ಗುಟ್ಟಾಗಿ ಹೇಳಿದ್ದು.”

“ನನಗೂ ಗುಟ್ಟಾಗಿ ಹೇಳಿದ್ರು!” ಎಂದಳು ಪದ್ಮಿನಿ. “ಟೆಲಿವಿಷನ್ ಇರುವ ಹುಡುಗಿಯ ಮನೆಗೇ ಫ್ರೆಂಡ್ಸ್ ಎಲ್ಲ ಬರ್ತಾರೆ ಅಂತ. ಐ ವಾಂಟ್ ಟೆಲಿವಿಷನ್.”

“ಅದರಲ್ಲಿ ಬಲ್ಬು ಉಂಟು ಅಷ್ಟೇ. ಊರಿಗೇ ಟೆಲಿವಿಷನ್ ಬರ್ಲಿಲ್ಲ.”

“ಬರ್ತದಲ್ಲ ಅಪ್ಪ. ಬರುವಾಗ ನಾವು ರೆಡಿ ಇರ್ತೇವೆ.”

“ಗೀಸರ್” ಎಂದಳು ಸುಂದರಿಯಮ್ಮ. ವಾದ ಮಾಡುವುದು ಮೆಷಿನ್ನಿನ ಕೆಲಸವಲ್ಲ ಎಂಬಂತೆ ಎಲೆ ಮಡಿಸಿದಳು.

ರತ್ನಾವತಿ ಬಜ್ಜಿಯ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. “ನನಗೂ ಗುಟ್ಟಾಗಿಯೇ ಹೇಳಿದ್ದು. ‘ಗ್ರೈಂಡರ್ ನಿಮಗೇ ಸಲ್ಲಬೇಕು ದೇವಿ, ಆದರೆ ಮನೆಯವರು ಬಿಡ್ತಾರಾ’ ಅಂತ. ಆ ಮನುಷ್ಯ ಒಲೆ ಹಚ್ಚಿ ಗಾಳಿ ಹಾಕ್ತಾ ಇದ್ದಾನೆ, ನಾವು ಕೊತಕೊತ ಕುದೀತಾ ಇದ್ದೇವೆ. ನನ್ನ ರಟ್ಟೆ ಮೇಲೇಳುದಿಲ್ಲ. ಅದು ಯಾರ ಕಣ್ಣಿಗೂ ಬೀಳುದಿಲ್ಲ!”

“ಬೀಳುದಿಲ್ಲ ಅಂತ ಯಾರು ಹೇಳಿದ್ದು? ಎಲ್ಲರಿಗೂ ಅವರವರದ್ದು ಉಂಟು” ಎಂದರು ಉಪಾಧ್ಯರು. ಆ ರಾತ್ರಿಯೂ ಮರು ಭಾನುವಾರವೂ ಗಂಡಹೆಂಡಿರ ನಡುವೆ ಮಾತಿಲ್ಲ. ಉಪ್ಪು ಬೇಕಾದರೆ ಪದ್ಮಿನಿಯ ಮೂಲಕ.

ಐದನೆಯ ಭಾನುವಾರ ಉಪಾಧ್ಯರು ಬಂದಾಗ ಅವರ ಜೊತೆ ನೋವಿನ ಮುಲಾಮಿನ ವಾಸನೆಯೂ ಬಂತು. ಬಲಗೈಯಿಂದ ಬಾಯಿಯ ತನಕ ಅನ್ನ ಎತ್ತಲು ಹೋಗಿ ಮುಖ ಕಿವಿಚಿದರು. ಅಣ್ಣಪ್ಪ ಮೊದಲ ವಾರ ಒಬ್ಬನೇ ರುಬ್ಬಿದನಂತೆ. ಎರಡನೆಯ ವಾರ, “ಧಣೀ, ನೀವೂ ಒಂದು ಕೈ ಹಾಕದಿದ್ದರೆ ನಾನು ಊರಿಗೆ ಹೋಗ್ತೇನೆ” ಎಂದನಂತೆ.

ಉಂಡಾದ ಮೇಲೆ ಅವರು ಗೋಡೆಗೆ ಹೇಳಿದರು: “ಗ್ರೈಂಡರೇ ಆಗಲಿ.”

“ಏನಂದ್ರಿ?”

“ಕಿವಿ ಕೇಳುದಿಲ್ವಾ? ಗ್ರೈಂಡರು ಅಂದೆ.”

ರತ್ನಾವತಿ ಹಿತ್ತಲಿಗೆ ಹೋಗಿ, ನರಿ ಕೂಗುವ ಬಯಲನ್ನು ನೋಡುತ್ತ ಒಬ್ಬಳೇ ನಕ್ಕಳು. ಮರುದಿನ ಲಾಹಿರಿ ಬಾಬು ಗ್ರೈಂಡರಿನ ಮೇಲೆ ಅವಳ ಹೆಸರಿನ ಚೀಟಿ ಅಂಟಿಸಿದರು. ಮುಂದಿನ ವಾರ ಬೊಂಬಾಯಿಯಿಂದ ದೊಡ್ಡ ಸಾಹೇಬರು ಬರುತ್ತಾರೆ, ಬುಧವಾರ ಸಮಾರಂಭ, ಚೀಟಿ ಬರೆಸಿದವರೆಲ್ಲ ಬಂದು ಬಾಕಿ ಮುಂಗಡ ಕಟ್ಟುತ್ತಾರೆ, ಅಲ್ಲಿ ಎಲ್ಲರ ಎದುರು ಉಡುಗೊರೆ.

“ಬುಧವಾರವಾ?” ಸುಂದರಿಯಮ್ಮ ಬೆರಳು ಮಡಿಸಿ ಎಣಿಸಿದಳು. “ಅವತ್ತು ಏಕಾದಶಿ.”

ಈ ತನಕ ಎರಡು ಏಕಾದಶಿ ಬಂದಿತ್ತು. ಒಂದು ಸೋಮವಾರ, ಒಂದು ಮಂಗಳವಾರ. ನೋಡುವ ಜನ ಇಲ್ಲದ ದಿನ, ಯಾರಿಗೂ ಬಾಧೆಯಾಗಿರಲಿಲ್ಲ. ರತ್ನಾವತಿ ಲಾಹಿರಿ ಬಾಬುವಿಗೆ ಹೇಳಿದಳು. “ಮಾಶಿಮಾ ಹೊಂದಿಕೊಳ್ಳುತ್ತಾರೆ” ಎಂದರು ಬಾಬು. ಇನ್ನೊಮ್ಮೆ ಹೇಳಿದಳು. ಬಾಬು ಮುದುಕಿಗೆ ಪೂಜೆಗೆ ಉಡುವ ಒಂದು ಗರದ ರೇಷ್ಮೆ ಸೀರೆ ಕಳಿಸಿದರು. ಸುಂದರಿಯಮ್ಮ ಸೀರೆ ಬಿಚ್ಚಿ ಅಂಚು ನೋಡಿ, “ಒಳ್ಳೇದುಂಟು” ಎಂದು ಹಾಗೇ ಮಡಿಸಿ ಹಿಂದೆ ಕಳಿಸಿದಳು. ಬಾಬು ಅದನ್ನು ವಿನಯ ಎಂದುಕೊಂಡರು.

ಶನಿವಾರ ಮೀನತಿ ಬೌದಿ ಬಂದಳು. ಜಾದವ್‌ಪುರದಲ್ಲಿ ಎದುರು ಮನೆಯವಳು, ಕರೆಯುವುದಕ್ಕೆ ಬೌದಿ, ಎಂದರೆ ಅತ್ತಿಗೆ; ಮೇಷ್ಟ್ರ ಹೆಂಡತಿ, ಮೂರು ಮಕ್ಕಳು, ಹಾಸಿಗೆ ಹಿಡಿದ ಮಾವ. ಕಿಟಕಿಯಿಂದ ಕಿಟಕಿಗೆ ಹತ್ತು ವರ್ಷದ ಮಾತು. ಬಂದವಳೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ರತ್ನಾವತಿಯ ಕೆನ್ನೆ ಚಿವುಟಿದಳು.

“ದಿದಿ! ನಾನೂ ಬರೆಸಿದೆ!” ಕುಪ್ಪಸದೊಳಗಿನಿಂದ ಚೀಟಿ ತೆಗೆದು ತೋರಿಸಿದಳು. “ಪೂಜೆಗೆ ಸೀರೆ ಕೊಳ್ಳದೆ ಉಳಿಸಿಟ್ಟಿದ್ದೆನಲ್ಲ, ಆ ದುಡ್ಡು. ಬುಧವಾರ ಇನ್ನೂ ಇನ್ನೂರು ಕಟ್ಟಬೇಕು, ಕಿವಿಯದು ಅಡವಿಟ್ಟಿದ್ದೇನೆ. ನಮ್ಮವರಿಗೆ ಹೇಳಬೇಡ.”

ರತ್ನಾವತಿಯ ನಿದ್ದೆ ಹಾರಿತು. ಅವಳ ಬಂಗಾಲಿ ತರಕಾರಿ ಪೇಟೆಯ ಬಂಗಾಲಿ, ಅದರಲ್ಲೇ ಕೇಳಿದಳು: “ಬೌದಿ, ನಿಮ್ಮ ಮನೆಯಲ್ಲಿ ಇಡ್ಲಿ ಯಾರು ತಿನ್ನುತ್ತಾರೆ?”

“ಯಾರೂ ಇಲ್ಲ. ಮಾವನಿಗೆ ಹುಳಿ ಆಗದು, ಮಕ್ಕಳಿಗೆ ಲುಚಿ ಪೂರಿಯೇ ಬೇಕು.”

“ಮತ್ತೆ?”

“ನಿನ್ನ ಫೋಟೋ ನೋಡಿದೆ ದಿದಿ. ಹತ್ತು ವರ್ಷ ನಿನ್ನನ್ನು ನೋಡಿದ್ದೇನೆ, ಕಲ್ಲಿನ ಮುಂದೆ ಅಲ್ಲದೆ ಎಲ್ಲೂ ನೋಡಿಲ್ಲ. ಪೇಪರಿನಲ್ಲಿ ಮಲಗಿದ್ದೆ. ಎಷ್ಟು ಸುಖವಾಗಿ! ನನಗೆ ಇಡ್ಲಿ ಬೇಡ. ಅದು ಬೇಕು.”

ಬೀರುವಿನೊಳಗೆ ಸುಂದರಿಯಮ್ಮ ಕೆಮ್ಮಿದಳು.

“ಮೆಷಿನ್ ಕೆಮ್ಮುತ್ತದೆಯೇ?” ಎಂದಳು ಬೌದಿ.

“ಚಳಿಗೆ” ಎಂದಳು ರತ್ನಾವತಿ. ಸುತ್ತ ಜನ, ಬಾಗಿಲಲ್ಲಿ ಲಾಹಿರಿ ಬಾಬು. ಪತ್ರಿಕೆಯನ್ನು ಮುಖಕ್ಕೆ ಹಿಡಿದಳು.

ಭಾನುವಾರ ಗಂಡನಿಗೆ ಹೇಳಿದಳು. ಉಪಾಧ್ಯರು ರಟ್ಟೆಗೆ ಮುಲಾಮು ತಿಕ್ಕಿಸಿಕೊಳ್ಳುತ್ತ ಕೂತಿದ್ದರು.

“ನಾವು ಮಾರಿದ್ದಾ? ಕಂಪೆನಿ ಮಾರಿದ್ದು. ಮೆಷಿನ್ ಮುಂದೆ ಬರ್ತದಂತಲ್ಲ.”

“ಬರುವಾಗ ಅದರೊಳಗೆ ಯಾರು ಕೂತುಕೊಳ್ಳುದು? ಬೌದಿಯ ಮಾವನಾ?”

“ಬಾಯಿ ಬಿಟ್ಟರೆ ಗ್ರೈಂಡರು ಹೋಯ್ತು, ನೆನಪಿರಲಿ. ಪುನಃ ಆ ಕಲ್ಲೇ. ನನಗಂತೂ ಇನ್ನು ಆಗುದಿಲ್ಲ.”

“ನಿಮಗೆ ಆಗುದಿಲ್ಲ ಅಂತ ಐದು ವಾರಕ್ಕೆ ಗೊತ್ತಾಯ್ತು” ಎಂದು ಅವಳು ತುಸು ಜೋರಾಗಿಯೇ ತಿಕ್ಕಿದಳು.

ಬುಧವಾರ ಬಂತು. ಅಂಗಳಕ್ಕೆ ಶಾಮಿಯಾನ. ಅಂಗಡಿಯನ್ನು ಅಣ್ಣಪ್ಪನಿಗೆ ಬಿಟ್ಟು ಉಪಾಧ್ಯರೂ ಬಂದಿದ್ದರು. ಬೊಂಬಾಯಿಯ ಸಾಹೇಬರು ಕೋಟು ತೊಟ್ಟು ಮುಂದಿನ ಸಾಲಿನಲ್ಲಿ, ಅವರ ಹಿಂದೆ ಚೀಟಿ ಹಿಡಿದ ಮುನ್ನೂರು ಜನ. ಹಣ ಕಟ್ಟುವ ಮೇಜು ಒಂದು ಬದಿಗೆ. ಅದರ ಸರದಿಯಲ್ಲಿ ಎರಡನೆಯವಳು ಮೀನತಿ ಬೌದಿ, ಕಿವಿ ಬೋಳು. ಅಡುಗೆಮನೆಯ ಮುಂಗೋಡೆ ಪೂರ ಗಾಜು. ಇವತ್ತು ಅದನ್ನೂ ಸರಿಸಿ ತೆರೆದಿದ್ದರು.

ಸುಂದರಿಯಮ್ಮ ಬೆಳಗ್ಗೆ ನಾಲ್ಕಕ್ಕೆ ಬಿಸಿನೀರಲ್ಲಿ ಮಿಂದು, ನೀರೂ ಕುಡಿಯದೆ, ಮಧ್ಯಾಹ್ನ ಮೂರು ಗಂಟೆಗೆ ಜಪಮಣಿ ಹಿಡಿದು ಬೀರುವಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಲಾಹಿರಿ ಬಾಬು ಅದನ್ನು ಕಣ್ಣಾರೆ ಕಂಡು, “ನಾನು ಹೇಳಲಿಲ್ಲವೇ? ಹೊಂದಿಕೊಂಡರು” ಎಂದು ಕರವಸ್ತ್ರದಿಂದ ಹಣೆ ಒರೆಸಿದರು.

ರತ್ನಾವತಿ ಎರಡು ಸಲ ಹೇಳಿಯಾಗಿತ್ತು. ಇಷ್ಟು ಗದ್ದಲದಲ್ಲಿ ಅತ್ತೆಗೆ ಜಪಕ್ಕೆ ಬೇರೆ ಜಾಗವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾಷಣಗಳಾದವು. “ಈಗ ಗೃಹಲಕ್ಷ್ಮಿ ರತ್ನಾವತಿ ದೇವಿ ಗುಂಡಿ ಒತ್ತುತ್ತಾರೆ” ಎಂದರು ಲಾಹಿರಿ ಬಾಬು. ಒತ್ತಿದಳು. ಕೆಂಪು ದೀಪ. ಹಸಿರು ದೀಪ. ಗಂಟೆ.

ಕಿಂಡಿ ತೆರೆಯಲಿಲ್ಲ.

ಇನ್ನೊಮ್ಮೆ ಒತ್ತಿದಳು. ಒಳಗಿನಿಂದ ನೊಣದ ಗುಂಯ್‌ಗುಟ್ಟಿನಂತೆ ಸಣ್ಣ ಸದ್ದು ಬಂತು. ಮುಂದಿನ ಸಾಲಿನವರು, ಯಂತ್ರ ಬಿಸಿಯಾಗುತ್ತಿದೆ ಎಂದು ತಲೆದೂಗಿದರು. ಅದು ವಿಷ್ಣುಸಹಸ್ರನಾಮ.

ಲಾಹಿರಿ ಬಾಬು ಅವಳ ಬಳಿ ಬಗ್ಗಿದರು. ನಗು ಮುಖದ ಮೇಲೆ ಹಾಗೇ ಇತ್ತು, ಮಾತು ಹಲ್ಲಿನ ನಡುವಿನಿಂದ ಬಂತು. “ಕರೆಂಟಿನ ತೊಂದರೆ ಎನ್ನಿ.”

“ಕರೆಂಟು ಬೇಡದ ಮೆಷಿನ್ ಅಂತ ಪೇಪರಿನಲ್ಲಿ ನೀವೇ ಹಾಕಿಸಿದ್ದಲ್ವಾ?”

“ಏನಾದರೂ ಹೇಳಿ! ನಿಮ್ಮ ಗ್ರೈಂಡರು ಅಲ್ಲಿದೆ, ನೆನಪಿದೆ ತಾನೆ?”

ನೆನಪಿತ್ತು. ಹೂವಿನ ಹಾರ ಹಾಕಿಸಿಕೊಂಡು, ಹೆಸರಿನ ಚೀಟಿ ಅಂಟಿಸಿಕೊಂಡು, ಅದು ಮದುಮಗನ ಹಾಗೆ ಮೇಜಿನ ಮೇಲೆ ಕೂತಿತ್ತು. ರತ್ನಾವತಿ ಅದನ್ನು ನೋಡಿದಳು. ಆಚೆ ಸರದಿ ಒಂದು ಹೆಜ್ಜೆ ಮುಂದೆ ಹೋಯಿತು. ಮೀನತಿ ಬೌದಿ ಕರವಸ್ತ್ರದ ಗಂಟು ಬಿಚ್ಚಲು ಹಲ್ಲು ಹಾಕಿದ್ದಳು.

“ಬೌದಿ!” ಎಂದು ರತ್ನಾವತಿ ಕೂಗಿದಳು. ಮುನ್ನೂರು ತಲೆ ತಿರುಗಿತು. “ದುಡ್ಡು ಕೊಡಬೇಡ! ಇವತ್ತು ಏಕಾದಶಿ. ಮೆಷಿನಿಗೆ ಉಪವಾಸ!”

ಹಾಗೆಂದು ಬೀರುವಿನ ಹಿಂದೆ ಹೋಗಿ ದಡದಡ ಬಡಿದಳು. “ಅತ್ತೆ, ಚಿಲಕ ತೆಗೀರಿ.” ಬೀರುವಿಗೆ ಗಾಲಿಯಿತ್ತು, ಪದ್ಮಿನಿ ಅಮ್ಮನ ಮುಖ ಒಂದು ಸಲ ನೋಡಿ, ಟೆಲಿವಿಷನ್ ಬಿಟ್ಟು ಓಡಿಬಂದು ಇನ್ನೊಂದು ಬದಿಯಿಂದ ದೂಡಿದಳು. ಎರಡು ಸಾವಿರದ ಇಸವಿ ಕಿರ್‍ರೆಂದು ಜನರಿಗೆ ಬೆನ್ನು ತಿರುಗಿಸಿತು. ಚಿಲಕ ಸರಿಯಿತು, ಬಾಗಿಲು ತೆರೆಯಿತು.

ಮಣೆಯ ಮೇಲೆ ಪದ್ಮಾಸನದಲ್ಲಿ ಸುಂದರಿಯಮ್ಮ. ಪಕ್ಕದಲ್ಲಿ ಆರಿದ ಸ್ಟವ್. ಮುದುಕಿ ಕಣ್ಣು ತೆರೆದು ಶಾಮಿಯಾನದ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಎಂತ ಇದು? ಯಾರೂ ಹತ್ತಿರ ಬರಬೇಡಿ, ನಾನು ಮಡಿಯಲ್ಲಿದ್ದೇನೆ” ಎಂದು ಕನ್ನಡದಲ್ಲಿ ಗದರಿದಳು. ಮುನ್ನೂರು ಬಂಗಾಲಿಗಳಿಗೂ ಅರ್ಥವಾಯಿತು. ಮುಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು, ಬೊಂಬಾಯಿಯ ಸಾಹೇಬರೂ ಸೇರಿ.

ಮೊದಲು ನಕ್ಕವಳು ಮೀನತಿ ಬೌದಿ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಸಾಲಿನಿಂದ ಸಾಲಿಗೆ ಹೋಯಿತು. ನಗು ಮುಗಿದ ಮೇಲೆ ಬೌದಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಣದ ಮೇಜಿಗೆ ಕೈಯೂರಿದಳು. “ಐವತ್ತೊಂದು. ಈಗಲೇ.” ಅವಳ ಹಿಂದೆ ಮುನ್ನೂರು ಚೀಟಿ ಮೇಲೆದ್ದವು. ಸಾಹೇಬರು ಮೇಜಿನ ಗುಮಾಸ್ತನಿಗೆ ಎರಡು ಮಾತು ಹೇಳಿ ಕಾರು ಹತ್ತಿದರು. ಕತ್ತಲಾಗುವವರೆಗೆ ನೋಟು ಎಣಿಸಿ ಕೊಟ್ಟರು.

ಲಾಹಿರಿ ಬಾಬು ಬೈಯಲಿಲ್ಲ. ಗ್ರೈಂಡರಿನ ಹಾರ ತೆಗೆದರು. ಹೆಸರಿನ ಚೀಟಿ ಗಟ್ಟಿಯಾಗಿ ಅಂಟಿತ್ತು. ಅದನ್ನು ಉಗುರಿನಿಂದ ಕೆರೆಕೆರೆದು ತೆಗೆದರು. ರತ್ನಾವತಿ ಅದು ಮುಗಿಯುವವರೆಗೂ ನಿಂತು ನೋಡಿದಳು.

“ಏಕಾದಶಿ ವಿಷಯ ನೀವು ಗಟ್ಟಿಯಾಗಿ ಹೇಳಬೇಕಿತ್ತು ದೇವಿ” ಎಂದರು ಬಾಬು.

“ಗಟ್ಟಿಯಾಗಿ ಹೇಳಿದೆನಲ್ಲ. ಮುನ್ನೂರು ಜನಕ್ಕೆ ಕೇಳಿತು.”

ಅದೇ ಸಂಜೆ ಕೊನೆಯ ಬಸ್ಸಿನಲ್ಲಿ ಹಾಸಿಗೆ ಸುರುಳಿ, ಪಾತ್ರೆಯ ಚೀಲಗಳೊಂದಿಗೆ ಸಂಸಾರ ಜಾದವ್‌ಪುರಕ್ಕೆ ಮರಳಿತು. ಉಪಾಧ್ಯರು ಮಹಡಿ ಹತ್ತಿ, ಚೀಲ ಇಳಿಸಿ, ದೀಪ ಹಾಕಿ, ಮೂಲೆಯ ಕಲ್ಲಿನ ಕಡೆ ನೋಡಿ ಆಮೇಲೆ ಬಾಯಿ ತೆರೆದರು.

“ಎಂತ ಸಿಕ್ಕಿತು ನಿನಗೆ? ಬೌದಿಗೆ ದುಡ್ಡು ಸಿಕ್ಕಿತು. ನಿನಗೆ?”

“ಅಕ್ಕಿ ನೆನೆಸಿದ್ದೀರಾ?” ಎಂದಳು ರತ್ನಾವತಿ.

“ಅಣ್ಣಪ್ಪ ನೆನೆಸಿದ್ದಾನೆ.”

“ರುಬ್ಬುದೂ ಅವನೇ, ನೀವೇ. ಆರು ವಾರ ರುಬ್ಬಿದ್ರಿ. ಅಂಗಡಿ ಮುಚ್ಚಿತಾ?”

“ಮುಚ್ಚಲಿಲ್ಲ.”

“ಗಿರಾಕಿ ಬಿಟ್ಟರಾ?”

“ನಾನು ಸತ್ತೆ ಅಷ್ಟೇ” ಎಂದು ಉಪಾಧ್ಯರು ರಟ್ಟೆ ಹಿಡಿದುಕೊಂಡರು. “ಕೆಳಗೆ ಜಾಗ...”

“ಈರುಳ್ಳಿ ಚೀಲ ಮೇಲೆ ಬರಲಿ, ಕಲ್ಲು ಕೆಳಗೆ ಹೋಗಲಿ” ಎಂದಳು ಸುಂದರಿಯಮ್ಮ, ಗೋಡೆಗೊರಗಿ ಕೂತಲ್ಲಿಂದ. ಇಪ್ಪತ್ತು ಗಂಟೆ ನೀರಿಲ್ಲದ ಗಂಟಲು, ಆದರೂ ಮಾತು ಖಣಖಣ. “ಆರು ವಾರ ಡಬ್ಬಿಯೊಳಗೆ ಕೂತು ನನಗೆ ತಿಳೀತು ತ್ರಿವಿಕ್ರಮ. ಹೊರಗಿನವರಿಗೆ ಕಿಂಡಿಯಿಂದ ತಟ್ಟೆ ಬರುದು ಮಾತ್ರ ಕಾಣ್ತದೆ. ಇವಳನ್ನು ನಾವೂ ಹಾಗೇ ಇಟ್ಟಿದ್ದೇವೆ. ಎರಡಾಳು ಇಟ್ಟುಕೋ. ಒಂದಾಣೆ ಹೆಚ್ಚು ಮಾಡು ಇಡ್ಲಿಗೆ.”

ಉಪಾಧ್ಯರು ತಾಯಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ತಮ್ಮ ರಟ್ಟೆಯನ್ನು ನೋಡಿದರು. ಮೂರೂ ಒಂದೇ ಪಕ್ಷ.

ಮರುದಿನ ದ್ವಾದಶಿಯ ಊಟ ಮುಗಿಸಿ, ಸ್ಟೇಷನ್ನಿನಿಂದ ಮೂವರು ಕೂಲಿಗಳು ಮತ್ತು ಅಣ್ಣಪ್ಪ ಸೇರಿ ಕಲ್ಲನ್ನು ಹಗ್ಗ ಕಟ್ಟಿ ಇಳಿಸಿದರು. ಮೆಟ್ಟಿಲು ಮೆಟ್ಟಿಲಿಗೂ ಅಣ್ಣಪ್ಪ ಧಣಿಯನ್ನು ನೋಡುತ್ತಿದ್ದ, ಧಣಿ ಬೇರೆ ಕಡೆ ನೋಡುತ್ತಿದ್ದರು. ಎದುರು ಕಿಟಕಿಯಿಂದ ಮೀನತಿ ಬೌದಿ ಶಂಖ ಊದಿದಳು.

ಕಲ್ಲು ಹೋದ ಮೂಲೆಯಲ್ಲಿ ನೆಲ ಬೆಳ್ಳಗೆ, ಗುಂಡಗೆ, ಬೇರೆ ಯಾರದೋ ಮನೆಯ ನೆಲದ ಹಾಗೆ ಕಂಡಿತು. ಎಲ್ಲರೂ ಸುತ್ತ ನಿಂತು ಅದನ್ನೇ ನೋಡಿದರು.

“ಇಲ್ಲಿ ಸರಿಯಾಗಿ ಒಂದು ಫ್ರಿಜ್ಜು ಹಿಡೀತದೆ” ಎಂದರು ಉಪಾಧ್ಯರು. “ಕಂತಿನಲ್ಲಿ ಕೊಡ್ತಾರಂತೆ.”

“ಫ್ರಿಜ್ಜು ಕೆಳಗೆ ಅಪ್ಪ! ಇದು ಟೆಲಿವಿಷನ್ ಕಾರ್ನರ್. ದೇಖೋ, ಇಲ್ಲಿಂದ ಎಲ್ಲರಿಗೂ ಕಾಣ್ತದೆ.”

“ನೀರಿನ ಕೊಳವೆ ಈ ಗೋಡೆಯಲ್ಲೇ ಉಂಟಲ್ಲ” ಎಂದಳು ಸುಂದರಿಯಮ್ಮ, ಯಾರಿಗೂ ಹೇಳದಂತೆ.

ಮಾತು ಏರಿತು. ರತ್ನಾವತಿ ಒಳಗೆ ಹೋಗಿ ಚಾಪೆ ತಂದಳು, ಆ ಬಿಳಿಯ ಜಾಗದಲ್ಲಿ ಹಾಸಿದಳು, ಬಲಗೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಗ ಮಧ್ಯಾಹ್ನ ಮೂರು ಗಂಟೆ.

“ಅಮ್ಮ, ಸ್ವಲ್ಪ ಆಚೆ ಸರೀ. ಅಳತೆ ತೆಗೀಬೇಕು” ಎಂದಳು ಪದ್ಮಿನಿ.

“ಜಾಗ ತುಂಬಿತು” ಎಂದಳು ರತ್ನಾವತಿ, ಕಣ್ಣು ಮುಚ್ಚಿಕೊಂಡೇ.